ಅನ್ನನಾಳದ ಕ್ಯಾನ್ಸರಿಗೆ ಮೊದಲೇ ಆಪರೇಷನ್ ಮಾಡದೆ ಕೀಮೋ, ರೇಡಿಯೇಷನ್ ಕೊಡುವುದೇಕೆ? ಅಪ್ಪನನ್ನು ‘ಸ್ಟಡಿ’ಗೆ ಸೇರಿಸಬಹುದೇ?

ನೀವು ಬರೆದಿರುವುದು ಇಷ್ಟು: ತಂದೆಗೆ 61 ವರ್ಷ. ಅನ್ನನಾಳದ ನಡುಭಾಗದಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ (ಒಳಪದರದ ಚಪ್ಪಟೆ ಕಣಗಳಲ್ಲಿ ಹುಟ್ಟುವಂಥದ್ದು), ಬೇರೆ ಅಂಗಗಳಿಗೆ ಹರಡಿಲ್ಲ. ಐದು ವಾರ ಕೀಮೋ ಜೊತೆಗೆ ಕರೆಂಟ್ (ರೇಡಿಯೇಷನ್) ಕೊಟ್ಟು ಆಮೇಲೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದಾರೆ. ಗಡ್ಡೆ ಇದೆ ಎಂದು ಗೊತ್ತಾದ ಮೇಲೂ ತಡ ಮಾಡುವುದೇಕೆ, ಆಪರೇಷನ್ನಿಂದ ಎಷ್ಟು ಪ್ರಯೋಜನ, ಕೈಗೆ ಕೊಟ್ಟಿರುವ ‘ಸ್ಟಡಿ’ ಫಾರಂಗೆ ಸಹಿ ಹಾಕಿದರೆ ಅಪ್ಪನನ್ನು ಪ್ರಯೋಗಕ್ಕೆ ಒಪ್ಪಿಸಿದ ಹಾಗಾಗುತ್ತದೆಯೇ ಎಂಬುದು ನಿಮ್ಮ ಆತಂಕ.

ನಾನು ಡಾಕ್ಟರಲ್ಲ. ಹೊಟ್ಟೆ-ಕರುಳಿನ ಸರ್ಜರಿ ವಿಭಾಗವೊಂದರಲ್ಲಿ ರಿಸರ್ಚ್ ಕೋಆರ್ಡಿನೇಟರ್ ಆಗಿದ್ದೇನೆ. ಆಪರೇಷನ್ ಆದವರ ವಿವರ ದಾಖಲಿಸುವುದು, ಅವರು ಮನೆಗೆ ಹೋದ ಮೇಲೂ ಆಗಾಗ ಫೋನ್ ಮಾಡಿ ಊಟ, ನಿದ್ದೆ, ನೋವು ಹೇಗಿದೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ನಿಮ್ಮ ತಂದೆಗೆ ಯಾವ ಚಿಕಿತ್ಸೆ ಎಂಬುದನ್ನು ಅವರನ್ನು ಕಣ್ಣಾರೆ ನೋಡಿದ ಡಾಕ್ಟರೇ ಹೇಳಬೇಕು. ಅವರು ಹೇಳಿದ್ದರ ಹಿಂದೆ ಏನಿದೆ ಎಂಬುದನ್ನು ಮಾತ್ರ ನಾನು ಬಿಡಿಸಿ ಹೇಳಬಲ್ಲೆ.

ಮೊದಲು ತಡದ ಪ್ರಶ್ನೆ. ಅನ್ನನಾಳ ಇರುವ ಜಾಗವೇ ಇಕ್ಕಟ್ಟು. ಮುಂದೆ ಶ್ವಾಸನಾಳ ಮತ್ತು ಹೃದಯ, ಪಕ್ಕದಲ್ಲೇ ಮಹಾರಕ್ತನಾಳ. ಬೇರೆ ಕಡೆಯಾದರೆ ಗಡ್ಡೆಯ ಸುತ್ತ ಒಂದಿಷ್ಟು ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆಯಬಹುದು, ಇಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ನೇರವಾಗಿ ಆಪರೇಷನ್ ಮಾಡಿದರೆ ಅಂಚಿನಲ್ಲಿ ಕ್ಯಾನ್ಸರ್ ಕಣಗಳು ಉಳಿದುಬಿಡುವ ಸಂಭವ ಹೆಚ್ಚು. ಇದನ್ನು ಖಚಿತವಾಗಿ ತೋರಿಸಿದ್ದು ನೆದರ್ಲೆಂಡ್ಸ್‌ನಲ್ಲಿ ನಡೆದ ‘ಕ್ರಾಸ್’ ಎಂಬ ಅಧ್ಯಯನ. 2004ರಿಂದ 2008ರವರೆಗೆ 368 ರೋಗಿಗಳನ್ನು ಸೇರಿಸಿಕೊಂಡು, ಒಂದು ಗುಂಪಿಗೆ ನೇರ ಆಪರೇಷನ್ ಮಾಡಿದರು. ಇನ್ನೊಂದು ಗುಂಪಿಗೆ ಐದು ವಾರ, ವಾರಕ್ಕೊಮ್ಮೆ ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ಕೊಟ್ಟು, ಜೊತೆಗೆ 23 ಸಲ ರೇಡಿಯೇಷನ್ ಕೊಟ್ಟು, ಆಮೇಲೆ ಆಪರೇಷನ್. ನಿಮ್ಮ ಡಾಕ್ಟರು ಹೇಳಿರುವ ಐದು ವಾರ ಬಹುಶಃ ಇದೇ ಕ್ರಮದ್ದು.

ನೇರ ಆಪರೇಷನ್ ಆದವರಲ್ಲಿ ಅಂಚು ಪೂರ್ತಿ ಶುದ್ಧವಾಗಿ ಬಂದದ್ದು ಶೇ. 69 ಜನಕ್ಕೆ, ಮೊದಲು ಕೀಮೋ-ರೇಡಿಯೇಷನ್ ಪಡೆದವರಲ್ಲಿ ಶೇ. 92 ಜನಕ್ಕೆ. ಮೊದಲ ಗುಂಪಿನ ಅರ್ಧದಷ್ಟು ಜನ 24 ತಿಂಗಳಾಚೆಗೂ ಬದುಕಿದ್ದರೆ, ಎರಡನೇ ಗುಂಪಿನಲ್ಲಿ ಆ ಅವಧಿ 49 ತಿಂಗಳಿಗೆ ಏರಿತು. ಹತ್ತು ವರ್ಷದ ನಂತರ ನೋಡಿದಾಗಲೂ ಅಂತರ ಉಳಿದಿತ್ತು: ಬದುಕಿದ್ದವರು ಶೇ. 25 ಮತ್ತು ಶೇ. 38. ಸ್ಕ್ವಾಮಸ್ ತರಹದ ಕ್ಯಾನ್ಸರಿನಲ್ಲಂತೂ ಲಾಭ ಇನ್ನೂ ದೊಡ್ಡದು. ಮೊದಲು ಚಿಕಿತ್ಸೆ ಪಡೆದು ಆಪರೇಷನ್ ಮಾಡಿಸಿಕೊಂಡ ಸ್ಕ್ವಾಮಸ್ ರೋಗಿಗಳಲ್ಲಿ ಹತ್ತಿರಹತ್ತಿರ ಅರ್ಧ ಜನಕ್ಕೆ, ತೆಗೆದ ಅನ್ನನಾಳದಲ್ಲಿ ಜೀವಂತ ಕ್ಯಾನ್ಸರ್ ಕಣವೇ ಸಿಗಲಿಲ್ಲ. ಆ ಅಧ್ಯಯನದಲ್ಲಿ ಸ್ಕ್ವಾಮಸ್ ರೋಗಿಗಳು 84 ಜನ ಮಾತ್ರ, ಹಾಗಾಗಿ ಅದೊಂದನ್ನೇ ನೆಚ್ಚಿಕೊಳ್ಳಬಾರದು. ಆದರೆ ಆಮೇಲೆ ಚೀನಾದಲ್ಲಿ ಸ್ಕ್ವಾಮಸ್ ರೋಗಿಗಳನ್ನೇ, 451 ಜನರನ್ನು, ಸೇರಿಸಿ ನಡೆಸಿದ ಅಧ್ಯಯನವೂ ಮೊದಲು ಕೀಮೋ-ರೇಡಿಯೇಷನ್ ಕೊಡುವುದೇ ಮೇಲು ಎಂದಿತು. ಇಷ್ಟೆಲ್ಲ ಕೊಟ್ಟ ಮೇಲೆ ಅಪ್ಪ ಆಪರೇಷನ್ ತಡೆದುಕೊಳ್ಳುತ್ತಾರಾ ಎಂಬ ಭಯ ನಿಮಗಿದ್ದರೆ, ಕ್ರಾಸ್‌ನಲ್ಲಿ ಆಪರೇಷನ್ ನಂತರ ಆಸ್ಪತ್ರೆಯಲ್ಲೇ ತೀರಿಕೊಂಡವರ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ, ಶೇ. 4.

ಒಂದು ಎಚ್ಚರಿಕೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ‘ಎಸೊಪೆಕ್’ ಎಂಬ ಜರ್ಮನಿಯ ಅಧ್ಯಯನ ಸಿಗುತ್ತದೆ. ರೇಡಿಯೇಷನ್ ಇಲ್ಲದೆ ‘ಫ್ಲಾಟ್’ ಎಂಬ ಕೀಮೋ ಕೊಟ್ಟವರೇ ಕ್ರಾಸ್ ಕ್ರಮದವರಿಗಿಂತ ಹೆಚ್ಚು ಕಾಲ ಬದುಕಿದರು ಎಂದು ಅದರಲ್ಲಿದೆ. ಓದಿ ಗಾಬರಿಯಾಗಬೇಡಿ. ಅದು ಅಡಿನೊಕಾರ್ಸಿನೋಮ ಎಂಬ ಬೇರೆ ತರಹದ ಕ್ಯಾನ್ಸರ್ ಇದ್ದವರ ಮೇಲೆ ಮಾಡಿದ್ದು. ಯುರೋಪಿನಲ್ಲಿ ಅದು ಹೆಚ್ಚು, ನಮ್ಮ ದೇಶದಲ್ಲಿ ಸ್ಕ್ವಾಮಸ್ಸೇ ಹೆಚ್ಚು. ಜಪಾನಿನವರು ಸ್ಕ್ವಾಮಸ್ ಕ್ಯಾನ್ಸರಿಗೆ ರೇಡಿಯೇಷನ್ ಬದಲು ಮೂರು ಔಷಧಿಗಳ ಕೀಮೋ ಕೊಟ್ಟು ಒಳ್ಳೆಯ ಫಲಿತಾಂಶ ತೋರಿಸಿದ್ದಾರೆ. ಹಾಗಾಗಿ ಎರಡನೇ ಅಭಿಪ್ರಾಯ ಕೇಳಿದಾಗ ಇನ್ನೊಬ್ಬ ಡಾಕ್ಟರು ಬೇರೆ ಕ್ರಮ ಹೇಳಿದರೆ ಮೊದಲಿನವರು ತಪ್ಪು ಹೇಳಿದರು ಎಂದುಕೊಳ್ಳಬೇಕಿಲ್ಲ.

ಈ ಅಂಕಿಗಳನ್ನು ನಿಮ್ಮ ತಂದೆಗೆ ಹಾಗೆಹಾಗೇ ಹೊಂದಿಸಲು ಹೋದರೆ ಮಾತ್ರ ಒಂದು ತೊಡಕಿದೆ. ಕ್ರಾಸ್‌ಗೆ ಆಯ್ದುಕೊಂಡದ್ದು 75 ವರ್ಷದೊಳಗಿನ, ಓಡಾಡಿಕೊಂಡಿದ್ದ, ದೇಹದ ತೂಕದಲ್ಲಿ ಶೇ. 10ಕ್ಕಿಂತ ಹೆಚ್ಚು ಕಳೆದುಕೊಳ್ಳದವರನ್ನು. ನಮ್ಮಲ್ಲಿ ಹೇಗೆ ಬರುತ್ತಾರೆ? ಮುದ್ದೆ ಸಿಕ್ಕಿಕೊಳ್ಳುತ್ತದೆ ಎಂದು ಅನ್ನಕ್ಕೆ ಬರುತ್ತಾರೆ, ಅನ್ನ ಇಳಿಯುವುದಿಲ್ಲ ಎಂದು ಗಂಜಿಗೆ ಬರುತ್ತಾರೆ. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ಕಳೆಯುತ್ತಾರೆ. ನೀರೂ ಇಳಿಯದೆ ಎಂಡೋಸ್ಕೋಪಿಗೆ ಬರುವ ಹೊತ್ತಿಗೆ ಬೆಲ್ಟಿಗೆ ಹೊಸ ತೂತು ಹಾಕಿಸಿರುತ್ತಾರೆ. ನನಗೆ ಅತ್ಯಂತ ಸಂಕಟ ಕೊಡುವ ವಿಷಯ ಇದು, ಏಕೆಂದರೆ ಸೊರಗಿದ ದೇಹದಲ್ಲಿ ಹೊಲಿಗೆ ಕೂಡುವುದು ಕಷ್ಟ, ಕೀಮೋ ತಡೆದುಕೊಳ್ಳುವುದೂ ಕಷ್ಟ. ಈ ಐದು ವಾರ ಮತ್ತು ಅದರ ಮುಂದಿನ ವಾರಗಳನ್ನು ಸುಮ್ಮನೆ ಕಾಯುವ ಸಮಯ ಎಂದುಕೊಳ್ಳಬೇಡಿ, ತೂಕ ಉಳಿಸಿಕೊಳ್ಳುವ ಸಮಯ ಇದು. ಮೂಗಿನಿಂದಲೋ ಹೊಟ್ಟೆಯ ಪಕ್ಕದಿಂದಲೋ ಫೀಡಿಂಗ್ ಟ್ಯೂಬ್ ಹಾಕಬೇಕು ಎಂದರೆ ದಯವಿಟ್ಟು ಬೇಡ ಎನ್ನಬೇಡಿ. ಟ್ಯೂಬ್ ಎಂದ ಕೂಡಲೇ ಕೊನೆಗಾಲ ಬಂತು ಎಂದು ಮನೆಯವರು ಅಳುತ್ತಾರೆ. ಎಷ್ಟೋ ಜನರನ್ನು ಆಪರೇಷನ್ ಟೇಬಲ್‌ವರೆಗೆ ಗಟ್ಟಿಯಾಗಿ ತಂದು ನಿಲ್ಲಿಸುವುದೇ ಆ ಟ್ಯೂಬು. ಬೀಡಿ, ಸಿಗರೇಟು, ತಂಬಾಕು, ಕುಡಿತ ಇದ್ದರೆ ಇವತ್ತೇ ನಿಲ್ಲಬೇಕು.

ಇನ್ನು ಆಪರೇಷನ್. ಅನ್ನನಾಳದ ಬಹುಪಾಲನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆದು, ಜಠರವನ್ನೇ ಕೊಳವೆಯಾಗಿ ಮಾಡಿ ಮೇಲಕ್ಕೆಳೆದು ಎದೆಯಲ್ಲೋ ಕುತ್ತಿಗೆಯಲ್ಲೋ ಜೋಡಿಸುತ್ತಾರೆ. ದೊಡ್ಡ ಆಪರೇಷನ್ ಹೌದು. 1980ರಲ್ಲಿ ಜಗತ್ತಿನ ವರದಿಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಆಪರೇಷನ್ ಆದ ನೂರು ಜನರಲ್ಲಿ ಸುಮಾರು 30 ಜನ ಉಳಿಯುತ್ತಿರಲಿಲ್ಲ. 2015-16ರಲ್ಲಿ 14 ದೇಶಗಳ 24 ದೊಡ್ಡ ಆಸ್ಪತ್ರೆಗಳು 2704 ರೋಗಿಗಳ ಲೆಕ್ಕ ಒಂದೇ ಅಳತೆಯಲ್ಲಿ ಬರೆದಿಟ್ಟವು: 30 ದಿನದೊಳಗೆ ತೀರಿಕೊಂಡವರು ಶೇ. 2.4, 90 ದಿನದೊಳಗೆ ಶೇ. 4.5. ಈ ಎರಡು ಸಂಖ್ಯೆಗಳ ನಡುವಿನ ಅಂತರ ಗಮನಿಸಿ. ಮೊದಲ ತಿಂಗಳು ದಾಟಿದವರೂ ಮುಂದಿನ ಎರಡು ತಿಂಗಳಲ್ಲಿ ಅಪಾಯದಿಂದ ಪೂರ್ತಿ ಹೊರಗೆ ಬಂದಿರುವುದಿಲ್ಲ. ಆದ್ದರಿಂದ ‘ಸಕ್ಸಸ್ ರೇಟ್ ಎಷ್ಟು’ ಎಂದು ಕೇಳುವ ಬದಲು ‘ನಿಮ್ಮಲ್ಲಿ 90 ದಿನದ ಲೆಕ್ಕ ಎಷ್ಟು’ ಎಂದು ಕೇಳಿ. ಅದೇ ವರದಿಯಲ್ಲಿ ಒಂದಲ್ಲ ಒಂದು ತೊಂದರೆ ಆದವರು ಶೇ. 59, ಜೋಡಣೆ ಸೋರಿದ್ದು, ಅಂದರೆ ವಾರ್ಡಿನಲ್ಲಿ ‘ಲೀಕ್’ ಎನ್ನುವುದು, ಶೇ. 11ರಷ್ಟು ಜನಕ್ಕೆ. ತೊಂದರೆಯೇ ಆಗುವುದಿಲ್ಲ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ತೊಂದರೆಯನ್ನು ಬೇಗ ಗುರುತಿಸಿ ಸರಿಪಡಿಸುವ ತಂಡ ಇದೆಯೇ, ರಾತ್ರಿ ಎರಡು ಗಂಟೆಗೆ ಸಿಟಿ ಸ್ಕ್ಯಾನ್, ಎಂಡೋಸ್ಕೋಪಿ, ಐಸಿಯು ಸಿಗುತ್ತದೆಯೇ ಎಂಬುದು ಮುಖ್ಯ.

ಅದಕ್ಕೇ ಆಸ್ಪತ್ರೆಯ ಆಯ್ಕೆ ಇಷ್ಟು ತೂಕದ ವಿಷಯ. 2002ರಲ್ಲಿ ಅಮೆರಿಕದಲ್ಲಿ ವಯಸ್ಸಾದ ರೋಗಿಗಳ ದೊಡ್ಡ ಲೆಕ್ಕವೊಂದು ಪ್ರಕಟವಾಯಿತು. ವರ್ಷಕ್ಕೆ ಎರಡಕ್ಕಿಂತ ಕಡಿಮೆ ಅನ್ನನಾಳದ ಆಪರೇಷನ್ ಮಾಡುವ ಆಸ್ಪತ್ರೆಗಳಲ್ಲಿ ಸುಮಾರು ಶೇ. 20 ಜನ ತೀರಿಕೊಂಡರೆ, ಅತಿ ಹೆಚ್ಚು ಮಾಡುವ ಕಡೆ ಅದು ಶೇ. 8ರ ಆಸುಪಾಸಿನಲ್ಲಿತ್ತು. ಈಗ ಎಲ್ಲ ಕಡೆಯೂ ಸುಧಾರಿಸಿದೆ, ಆದರೆ ಹೆಚ್ಚು ಮಾಡುವವರ ಕೈ ಪಳಗಿರುತ್ತದೆ ಎಂಬುದು ಬದಲಾಗಿಲ್ಲ. ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆ ಆರಿಸಬೇಡಿ. ವರ್ಷಕ್ಕೆ ಎಷ್ಟು ಅನ್ನನಾಳದ ಆಪರೇಷನ್ ಮಾಡುತ್ತೀರಿ ಎಂದು ಸರ್ಜನ್‌ರನ್ನೇ ಕೇಳಿ, ಒಳ್ಳೆಯ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಯಲ್ಲೂ ವಿಚಾರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ.

ಸಣ್ಣ ತೂತುಗಳ ಮೂಲಕ ಮಾಡುವ ಕೀಹೋಲ್ ಆಪರೇಷನ್ ಮೇಲೋ ತೆರೆದು ಮಾಡುವುದು ಮೇಲೋ ಎಂದು ನೀವು ಕೇಳಿಲ್ಲ, ಮುಂದೆ ಕೇಳುತ್ತೀರಿ. ಯುರೋಪಿನಲ್ಲಿ 115 ಜನರ ಮೇಲೆ ನಡೆದ ‘ಟೈಮ್’ ಅಧ್ಯಯನದಲ್ಲಿ ಮೊದಲ ಎರಡು ವಾರದೊಳಗೆ ಶ್ವಾಸಕೋಶದ ಸೋಂಕು ತಗಲಿದ್ದು ತೆರೆದು ಮಾಡಿದವರಲ್ಲಿ ಶೇ. 29ಕ್ಕೆ, ಕೀಹೋಲ್‌ನವರಲ್ಲಿ ಶೇ. 9ಕ್ಕೆ. ಕ್ಯಾನ್ಸರ್ ದೃಷ್ಟಿಯಿಂದ ಫಲಿತಾಂಶ ಸಮ. ನಿಮ್ಮ ಸರ್ಜನ್‌ಗೆ ಯಾವುದರಲ್ಲಿ ಪಳಗಿದ ಕೈ ಇದೆಯೋ ಅದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಶ್ವಾಸಕೋಶವನ್ನು ಕಾಪಾಡುವ ಕೆಲಸದಲ್ಲಿ ನಿಮ್ಮದೂ ಪಾಲಿದೆ. ಮೂರು ಗುಂಡುಗಳಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ, ಸ್ಪೈರೋಮೀಟರ್ ಎಂದು. ಕೈಗೆ ಕೊಟ್ಟ ಕೂಡಲೇ ಎಲ್ಲರೂ ಅದನ್ನು ಊದುತ್ತಾರೆ. ಊದಬಾರದು, ಬಾಯಿಂದ ನಿಧಾನವಾಗಿ ಉಸಿರು ಒಳಗೆಳೆದು ಗುಂಡುಗಳನ್ನು ಮೇಲೆ ನಿಲ್ಲಿಸಬೇಕು. ಆಪರೇಷನ್ ಆದ ಮೇಲೆ ನೋವಿನಲ್ಲಿ ಕಲಿಯುವುದು ಕಷ್ಟ, ಈಗಲೇ ಅಭ್ಯಾಸ ಮಾಡಿಸಿ.

ಗಡ್ಡೆ ಕರಗಿಯೇ ಹೋದರೆ ಆಪರೇಷನ್ ಏಕೆ ಎಂಬ ಪ್ರಶ್ನೆಗೂ ಈಗ ಉತ್ತರ ಹುಡುಕುತ್ತಿದ್ದಾರೆ. ನೆದರ್ಲೆಂಡ್ಸ್‌ನ ‘ಸಾನೋ’ ಅಧ್ಯಯನದಲ್ಲಿ ಪೂರ್ತಿ ಕರಗಿದಂತೆ ಕಂಡವರನ್ನು ಆಪರೇಷನ್ ಮಾಡದೆ ನಿಗಾದಲ್ಲಿಟ್ಟರು. ಎರಡು ವರ್ಷಕ್ಕೆ ಬದುಕಿದ್ದವರು ಶೇ. 74, ಕೂಡಲೇ ಆಪರೇಷನ್ ಆದವರಲ್ಲಿ ಶೇ. 71. ಆದರೆ ಅಲ್ಲಿ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಬಯಾಪ್ಸಿ, ಸ್ಕ್ಯಾನ್ ತಪ್ಪದೆ ಆಗುತ್ತಿತ್ತು, ಹಲವರಿಗೆ ಕ್ಯಾನ್ಸರ್ ಮರಳಿ ಬಂದು ಆಗ ಆಪರೇಷನ್ ಆಯಿತು. ಚೆನ್ನಾಗಿ ನುಂಗುತ್ತಿದ್ದಾರೆ ಎಂದು ಮನೆಯಲ್ಲೇ ಉಳಿದುಬಿಡುವುದಕ್ಕೂ ಇದಕ್ಕೂ ಅಜಗಜಾಂತರ. ಕರೆಂಟ್ ಮುಗಿದ ಮೇಲೆ ಊಟ ಸಲೀಸಾಯಿತೆಂದು ಮತ್ತೆ ಆಸ್ಪತ್ರೆಗೆ ಬಾರದೇ ಹೋದವರ ಹೆಸರುಗಳು ನನ್ನ ರಿಜಿಸ್ಟರಿನಲ್ಲಿವೆ.

ಆಪರೇಷನ್ ನಂತರದ ಬದುಕಿನ ಬಗ್ಗೆ ಮೊದಲೇ ಯಾರೂ ಸಾಕಷ್ಟು ಹೇಳುವುದಿಲ್ಲ, ಹಾಗಾಗಿ ಹೇಳುತ್ತೇನೆ. ಫೋನಿನಲ್ಲಿ ನಾನು ಕೇಳುವ ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆ: ಕಳೆದ ವಾರ ಬೇರೆಯವರ ಎದುರು ಊಟ ಮಾಡಲು ತೊಂದರೆಯಾಯಿತೇ? ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ, ಇವುಗಳಲ್ಲಿ ಒಂದನ್ನು ಹೇಳಬೇಕು. ದಾವಣಗೆರೆ ಕಡೆಯ ರೈತರೊಬ್ಬರು ಅದಕ್ಕೆ, ‘ಮದುವಿ ಮನಿಗೆ ಹೋಗದೇ ಬಿಟ್ಟೀನಿ ಮೇಡಂ. ಎಲಿ ಮುಂದ ಕುಂತ್ರೆ ನಾಕು ತುತ್ತಿಗೆ ಸಾಕಾಗತೈತಿ, ಎಲ್ರೂ ಯಾಕ್ ಬಿಟ್ರಿ ಅಂತ ಕೇಳ್ತಾರ’ ಎಂದರು. ಅದಕ್ಕೂ ಮುಂಚೆ ಒಂದು ಮದುವೆಯಲ್ಲಿ ಒತ್ತಾಯಕ್ಕೆ ಹೋಳಿಗೆ ತಿಂದು, ಸ್ವಲ್ಪ ಹೊತ್ತಿಗೇ ಮೈಯೆಲ್ಲ ಬೆವೆತು, ಎದೆ ಹೊಡೆದುಕೊಂಡು, ಹಾರ್ಟ್ ಅಟ್ಯಾಕ್ ಎಂದೇ ಮನೆಯವರು ಹೆದರಿದ್ದರು. ಅದು ‘ಡಂಪಿಂಗ್’. ಸಿಹಿ ಪದಾರ್ಥ ತಡೆಯಿಲ್ಲದೆ ಕರುಳಿಗೆ ಇಳಿಯುವುದರಿಂದ ಆಗುವಂಥದ್ದು. ದಿನಕ್ಕೆ ಆರು ಸಲ ಸ್ವಲ್ಪಸ್ವಲ್ಪ ತಿನ್ನುವುದು, ಊಟದ ಜೊತೆ ನೀರು ಕುಡಿಯದೆ ನಡುವೆ ಕುಡಿಯುವುದು, ಸಿಹಿ ಕಡಿಮೆ ಮಾಡುವುದು, ಊಟವಾದ ಕೂಡಲೇ ಮಲಗದಿರುವುದು, ಮಲಗುವಾಗ ಮಂಚದ ತಲೆಯ ಭಾಗ ಎತ್ತರಿಸುವುದು, ಇಷ್ಟರಲ್ಲೇ ಹೆಚ್ಚಿನವರಿಗೆ ಹತೋಟಿಗೆ ಬರುತ್ತದೆ. ಮೊದಲ ವರ್ಷ ಬಹಳ ಜನಕ್ಕೆ ಕಷ್ಟ, ಆಮೇಲೆ ಒಂದು ಹದಕ್ಕೆ ಬರುತ್ತಾರೆ. ಮನೆಯವರು ‘ತಿನ್ನಿ, ತಿನ್ನಿ’ ಎಂದು ಬಲವಂತ ಮಾಡದಿರುವುದು ದೊಡ್ಡ ಉಪಕಾರ.

ಕೊನೆಗೆ ಆ ಫಾರಂ. ಎಲ್ಲ ‘ಸ್ಟಡಿ’ಯೂ ಹೊಸ ಔಷಧಿಯ ಪರೀಕ್ಷೆಯಲ್ಲ. ಕೆಲವು ನಾನು ಮಾಡುವಂಥವು, ಬರೀ ಮಾಹಿತಿ ಬರೆದುಕೊಳ್ಳುವುದು. ಕೆಲವು ಎರಡು ಚಿಕಿತ್ಸೆಗಳನ್ನು ಹೋಲಿಸುವಂಥವು, ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಯಾವುದು ಮೇಲೆಂದು ಡಾಕ್ಟರಿಗೂ ನಿಜವಾಗಿ ಗೊತ್ತಿಲ್ಲದಾಗ ಮಾತ್ರ ಹಾಗೆ ಮಾಡಬಹುದು, ನೈತಿಕ ಸಮಿತಿ (ಎಥಿಕ್ಸ್ ಕಮಿಟಿ) ಒಪ್ಪಿರಲೇಬೇಕು. ನಮ್ಮ ದೇಶದಲ್ಲಿ ಇಂಥ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ರಿಜಿಸ್ಟ್ರಿಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ, ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಹೊಸ ಔಷಧಿಯ ಪ್ರಯೋಗವಾದರೆ, ಅದರಿಂದ ಹಾನಿಯಾದಲ್ಲಿ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳಲ್ಲಿದೆ. ಸೇರುವುದಿಲ್ಲ ಎಂದರೂ, ಸೇರಿ ಮಧ್ಯೆ ಬಿಟ್ಟರೂ, ಸಿಗಬೇಕಾದ ಚಿಕಿತ್ಸೆ ಸಿಗಲೇಬೇಕು.

ನನ್ನನ್ನು ಕೇಳಿದರೆ, ಅರ್ಥವಾದ ಮೇಲೆ ಸೇರುವುದೇ ಒಳ್ಳೆಯದು. ಮೇಲೆ ಬರೆದ ಪ್ರತಿ ಅಂಕಿಯೂ ಇಂಥದೊಂದು ಫಾರಂಗೆ ಸಹಿ ಹಾಕಿದವರಿಂದ ಅಥವಾ ತಮ್ಮ ದಾಖಲೆ ಬಿಟ್ಟುಹೋದವರಿಂದ ಬಂದದ್ದು. ಆದರೆ ನಿಂತ ಕಾಲಲ್ಲಿ ಸಹಿ ಹಾಕಬೇಡಿ. ಕನ್ನಡದ ಪ್ರತಿ ಕೇಳಿ, ಮನೆಗೆ ತನ್ನಿ, ತಂದೆಗೇ ಓದಿ ಹೇಳಿ. ಸಿಟಿಆರ್‌ಐ ನಂಬರು, ಹೆಚ್ಚುವರಿ ಸ್ಕ್ಯಾನ್ ಮತ್ತು ರಕ್ತಪರೀಕ್ಷೆಯ ಖರ್ಚು ಯಾರದು, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ಇವಿಷ್ಟು ಕೇಳಿ ತಿಳಿದುಕೊಳ್ಳಿ. ಅವರಿಗೆ ಪ್ರಜ್ಞೆ, ತಿಳಿವಳಿಕೆ ಚೆನ್ನಾಗಿರುವಾಗ ಸಹಿ ಅವರದ್ದೇ ಆಗಬೇಕು, ನಿಮ್ಮದಲ್ಲ. ಸಹಿಯಾದ ಪ್ರತಿಯೊಂದನ್ನು ರಿಪೋರ್ಟುಗಳ ಫೈಲಿನಲ್ಲೇ ಇಟ್ಟುಕೊಳ್ಳಿ.