ಶಿವಮೊಗ್ಗದಲ್ಲಿ ಎಂ.ಟೆಕ್ ಓದುತ್ತಾ ಪ್ಯಾರಲಲ್ ಕಂಪ್ಯೂಟಿಂಗ್ (ಒಂದೇ ಲೆಕ್ಕವನ್ನು ಹಲವು ಕೋರುಗಳಿಗೆ ಹಂಚಿ ಮಾಡುವುದು) ಸಂಶೋಧನೆ ಮಾಡಲು 8 ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಕೊಂಡು, ಒಟ್ಟಿಗೆ ಜೋಡಿಸಿ ಕ್ಲಸ್ಟರ್ ಕಟ್ಟಲೇ, ಇಲ್ಲ ಒಂದು ಜಿಪಿಯು ಕೊಳ್ಳಲೇ?

ಎರಡೂ ಬೇಡ. ಇದೇ ಊರಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಒಂದು ವರ್ಷ ಕಳೆದೆ. ನನಗೆ ಕೊರತೆಯಾಗಿದ್ದು ಯಂತ್ರವಲ್ಲ, ಅಳತೆ.

ನನ್ನ ಹತ್ತಿರ ಇದ್ದದ್ದು ನಾಲ್ಕು ಕೋರಿನ ಡೆಸ್ಕ್‌ಟಾಪ್, ಅದರಲ್ಲಿ 8 ಜಿಬಿಯ ಒಂದೇ ಒಂದು ಡಿಡಿಆರ್4-2400 ಮೆಮೊರಿ ಕಡ್ಡಿ. ಲೆಕ್ಕ ಸರಳ: ಒಂದು ತಗಡಿನ ಮೇಲೆ ಶಾಖ ಹರಡುವುದು. 8000×8000 ಚೌಕಗಳ ಜಾಲ, ಪ್ರತಿ ಹೆಜ್ಜೆಯಲ್ಲೂ ಪ್ರತಿ ಚೌಕಕ್ಕೆ ಅದರ ನಾಲ್ಕು ನೆರೆಯವುಗಳ ಸರಾಸರಿ. ಸಿ ಭಾಷೆ, ಕೆಲಸವನ್ನು ಕೋರುಗಳಿಗೆ ಹಂಚಲು ಓಪನ್‌ಎಂಪಿ. ಒಂದು ಕೋರಿನಲ್ಲಿ ಹೆಜ್ಜೆಗೆ 0.6 ಸೆಕೆಂಡ್, ನಾಲ್ಕರಲ್ಲಿ 0.16. ಅಂದರೆ 3.75 ಪಟ್ಟು ವೇಗ. ಗ್ರಾಫ್ ಎಳೆದೆ, ಪ್ರಬಂಧ ಬರೆದೆ, ಕಳಿಸಿದೆ. ಪರಿಶೀಲಕರು ಒಂದೇ ಸಾಲು ಕೇಳಿ ವಾಪಸ್ ಕಳಿಸಿದರು: ಕಂಪೈಲ್ ಮಾಡಿದ್ದು ಯಾವ ಆಪ್ಟಿಮೈಸೇಶನ್ ಮಟ್ಟದಲ್ಲಿ?

ಮೇಕ್‌ಫೈಲ್‌ನಲ್ಲಿ ಡೀಬಗ್ ಮಾಡಲು ಹಾಕಿದ್ದ ‘ಓ-ಸೊನ್ನೆ’ (ಕೋಡನ್ನು ವೇಗಗೊಳಿಸಬೇಡ ಎಂದು ಕಂಪೈಲರಿಗೆ ಹೇಳುವ ಆಯ್ಕೆ) ಹಾಗೇ ಉಳಿದಿತ್ತು. ಅದನ್ನು ‘ಓ-ಮೂರು’ ಮಾಡಿ, ‘ಮಾರ್ಚ್ ನೇಟಿವ್’ (ಇದೇ ಪ್ರೊಸೆಸರಿಗೆ ತಕ್ಕಂತೆ ಕಂಪೈಲ್ ಮಾಡು) ಸೇರಿಸಿ ಮತ್ತೆ ಓಡಿಸಿದೆ. ಒಂದು ಕೋರಿಗೆ 0.15 ಸೆಕೆಂಡ್, ನಾಲ್ಕಕ್ಕೆ 0.105. ವೇಗ 1.4 ಪಟ್ಟು, ಅಷ್ಟೇ. ನನ್ನ ನಾಲ್ಕು ಕೋರಿನ ಹಳೇ ಪ್ರೋಗ್ರಾಂಗಿಂತ ಸರಿಯಾಗಿ ಕಂಪೈಲ್ ಆದ ಒಂದೇ ಕೋರು ಮುಂದಿತ್ತು.

ಇದು ಯಾಕೆ ಹೀಗಾಯಿತು ಅನ್ನುವುದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ, ಈ ಕ್ಷೇತ್ರದ ಅರ್ಧ ಪಾಠ ಇದರಲ್ಲೇ ಇದೆ. ಅಡಿಕೆ ಸುಲಿಯುವ ಮನೆ ನೆನಪು ಮಾಡಿಕೊಳ್ಳಿ. ಮೆಟ್ಟುಗತ್ತಿಯ ಮುಂದೆ ನಾಲ್ಕು ಜನ, ತೋಟದಿಂದ ಗೊನೆ ಹೊತ್ತು ತರುವವನು ಒಬ್ಬ. ಕತ್ತಿ ಮೊಂಡಾಗಿದ್ದರೆ ನಾಲ್ವರೂ ನಿಧಾನ, ಹೊರುವವನು ಆರಾಮವಾಗಿ ಪೂರೈಸುತ್ತಾನೆ, ಜನ ಹೆಚ್ಚಿದಷ್ಟೂ ಕೆಲಸ ಹೆಚ್ಚುತ್ತದೆ. ಕತ್ತಿ ಮಸೆದುಕೊಡಿ, ಇಬ್ಬರು ಸುಲಿಯುವಷ್ಟರಲ್ಲಿ ರಾಶಿ ಖಾಲಿ, ಉಳಿದವರು ಗೊನೆಗೆ ಕಾಯುತ್ತಾ ಕೂರುತ್ತಾರೆ. ಆಪ್ಟಿಮೈಸ್ ಆಗದ ಕೋಡ್ ಮೊಂಡುಗತ್ತಿ. ಗೊನೆ ಹೊರುವವನು ಮೆಮೊರಿ ಬ್ಯಾಂಡ್‌ವಿಡ್ತ್, ಅಂದರೆ ಮೆಮೊರಿಗೂ ಪ್ರೊಸೆಸರಿಗೂ ನಡುವೆ ಸೆಕೆಂಡಿಗೆ ಎಷ್ಟು ಬೈಟ್ ಓಡಾಡಬಲ್ಲವು ಅನ್ನುವುದು.

ಈಗ ಅಂಕಿ ಹಾಕಿ. ಡಬಲ್ ಸಂಖ್ಯೆಗೆ 8 ಬೈಟ್. ಪ್ರತಿ ಚೌಕಕ್ಕೆ ಹಳೆಯ ಜಾಲದಿಂದ ಓದಲು 8, ಹೊಸದಕ್ಕೆ ಬರೆಯಲು 8. ಬರೆಯುವ ಮುಂಚೆ ಆ ಕ್ಯಾಶ್ ಸಾಲನ್ನು (ಕ್ಯಾಶ್ ಅಂದರೆ ಪ್ರೊಸೆಸರಿನೊಳಗಿನ ಪುಟ್ಟ, ವೇಗದ ಮೆಮೊರಿ) ಪ್ರೊಸೆಸರ್ ಒಮ್ಮೆ ಒಳಗೆ ತರಿಸಿಕೊಳ್ಳುತ್ತದಲ್ಲ, ಅದಕ್ಕೆ ಇನ್ನೊಂದು 8. ಒಟ್ಟು 24. (ನೆರೆಯವು ಕ್ಯಾಶ್‌ನಲ್ಲೇ ಸಿಗುತ್ತವೆ, ಮೂರು ಸಾಲು ಸೇರಿದರೂ 192 ಕಿಲೋಬೈಟ್.) ಒಂದು ಕಡ್ಡಿಯ ಡಿಡಿಆರ್4-2400ಕ್ಕೆ ಕಾಗದದ ಮೇಲೆ ಸೆಕೆಂಡಿಗೆ 19.2 ಜಿಬಿ. ಜಾನ್ ಮೆಕಾಲ್ಪಿನ್ ಬರೆದ, ಮೆಮೊರಿಯ ವೇಗ ಅಳೆಯುವ ಸ್ಟ್ರೀಮ್ ಪರೀಕ್ಷೆ ಓಡಿಸಿದಾಗ ಟ್ರಯಾಡ್ ಸಾಲಿನಲ್ಲಿ ಬಂದದ್ದು 11.2. ಟ್ರಯಾಡ್‌ನಲ್ಲಿ ಎರಡು ಓದು, ಒಂದು ಬರಹ; ಬರೆಯುವ ಮುಂಚೆ ಒಳಗೆ ತರಿಸಿಕೊಳ್ಳುವ ಓಡಾಟವನ್ನು ಸ್ಟ್ರೀಮ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಮೂರರ ಬದಲು ನಾಲ್ಕು ಅಂತ 4/3ರಿಂದ ಗುಣಿಸಬೇಕು: ಸುಮಾರು 15. ಅದನ್ನು 24ರಿಂದ ಭಾಗಿಸಿದರೆ ಸೆಕೆಂಡಿಗೆ 62 ಕೋಟಿ ಚೌಕ. 6.4 ಕೋಟಿ ಚೌಕಕ್ಕೆ 0.103 ಸೆಕೆಂಡ್. ನನಗೆ ಸಿಕ್ಕಿದ್ದು 0.105! ಕೋಡ್ ಆಗಲೇ ಗೋಡೆ ಮುಟ್ಟಿತ್ತು. 200 ಗಿಗಾಫ್ಲಾಪ್ಸ್ (ಸೆಕೆಂಡಿಗೆ 20,000 ಕೋಟಿ ಲೆಕ್ಕ) ಮಾಡಬಲ್ಲ ಪ್ರೊಸೆಸರ್ ಎರಡೂವರೆ ಮಾಡುತ್ತಿತ್ತು, ಇನ್ನೆಷ್ಟು ಕೋರು ಕೊಟ್ಟರೂ ಅಷ್ಟೇ ಮಾಡುತ್ತಿತ್ತು.

ಪರಿಹಾರ? ಅದೇ ತರದ ಇನ್ನೊಂದು ಮೆಮೊರಿ ಕಡ್ಡಿ, ಬೋರ್ಡಿನ ಎರಡನೇ ಚಾನೆಲ್‌ನ ಸ್ಲಾಟಿಗೆ. ನಾಲ್ಕು ಕೋರಿನ ಸಮಯ 0.058ಕ್ಕೆ ಇಳಿಯಿತು. ಪಕ್ಕಪಕ್ಕದ ಸ್ಲಾಟಿಗೆ ಹಾಕಿದರೆ ಎಷ್ಟೋ ಬೋರ್ಡುಗಳಲ್ಲಿ ಎರಡೂ ಒಂದೇ ಚಾನೆಲ್‌ಗೆ ಬೀಳುತ್ತವೆ. ಬೋರ್ಡಿನ ಕೈಪಿಡಿ ನೋಡಿಯೇ ಹಾಕಿ. ಆಮೇಲೆ ಕೋಡಿನ ಕಡೆ: ಒಮ್ಮೆ ಒಳಗೆ ತಂದ ತುಂಡಿನ ಮೇಲೆ ಎರಡು ಮೂರು ಹೆಜ್ಜೆ ಒಟ್ಟಿಗೆ ಮುಗಿಸುವ ಟೆಂಪೊರಲ್ ಬ್ಲಾಕಿಂಗ್. ಸಂಶೋಧನೆ ಅಂತ ಕರೆಯಬಹುದಾದ ಕೆಲಸ ನನಗೆ ಶುರುವಾದದ್ದು ಅಲ್ಲಿಂದ.

ಪೈ ಕ್ಲಸ್ಟರ್ ಬೇಡ ಅನ್ನುವುದೂ ಇದಕ್ಕೇ. ಎಂಪಿಐ (ಪ್ರೋಸೆಸ್‌ಗಳು ಪರಸ್ಪರ ಸಂದೇಶ ಕಳಿಸುವ ವಿಧಾನ) ಕಲಿಯಲು ಅದು ಬೇಕಿಲ್ಲ, ಒಂದೇ ಡೆಸ್ಕ್‌ಟಾಪಿನಲ್ಲಿ ನಾಲ್ಕು ಪ್ರೋಸೆಸ್ ಓಡಿಸಿದರೆ ಸಾಕು. ಪೈ ಕ್ಲಸ್ಟರಿನ ಮೇಲೆ ಅಳೆದ ಸಂಖ್ಯೆ ಪ್ರಬಂಧಕ್ಕೂ ಒದಗುವುದಿಲ್ಲ: ಗಿಗಾಬಿಟ್ ಈಥರ್ನೆಟ್‌ನಲ್ಲಿ ಒಂದು ಚಿಕ್ಕ ಸಂದೇಶ ತಲುಪಲು ಹತ್ತಾರು ಮೈಕ್ರೋಸೆಕೆಂಡ್, ದೊಡ್ಡ ಯಂತ್ರಗಳ ಇನ್ಫಿನಿಬ್ಯಾಂಡ್ ಸಂಪರ್ಕದಲ್ಲಿ ಒಂದೆರಡು. ದೊಡ್ಡ ಯಂತ್ರದ ವರ್ತನೆಯನ್ನು ಇದು ತೋರಿಸಲಾರದು. ಜಿಪಿಯು ವಿಷಯ ಸಮಸ್ಯೆ ಕೈಯಲ್ಲಿದ್ದಾಗ ಯೋಚಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ 3.3 ಪೆಟಾಫ್ಲಾಪ್ಸ್‌ನ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಇದೆ. ಅಂಥ ಯಂತ್ರದ ಮೇಲೆ ಸಮಯ ಕೇಳುವಾಗ ನಿಮ್ಮ ಕೈಯಲ್ಲಿ ಇರಬೇಕಾದದ್ದು ನೆಟ್ಟಗಿನ ಅಳತೆ.

ಅಳೆಯುವಾಗ: ಹೋಲಿಕೆಗೆ ನೀವು ಬರೆಯಬಲ್ಲ ಅತ್ಯುತ್ತಮ ಒಂದು ಕೋರಿನ ಕೋಡನ್ನೇ ಇಡಿ. ಟರ್ಬೊ ಆಫ್ ಮಾಡಿ, ಇಲ್ಲದಿದ್ದರೆ ಒಂದು ಕೋರು ಓಡುವಾಗ ಪ್ರೊಸೆಸರಿನ ಗಡಿಯಾರದ ವೇಗ ಏರಿ ಹೋಲಿಕೆ ಕೆಡುತ್ತದೆ. ಥ್ರೆಡ್‌ಗಳನ್ನು ಕೋರಿಗೆ ಕಟ್ಟಿಹಾಕಿ. ಹತ್ತು ಸಲ ಓಡಿಸಿ ಮಧ್ಯಾಂಕ ಕೊಡಿ. ಸ್ಟ್ರೀಮ್‌ನ ಅರೇಗಳು ಕೊನೆಯ ಹಂತದ ಕ್ಯಾಶ್‌ನ ನಾಲ್ಕು ಪಟ್ಟಾದರೂ ಇರಲಿ.

ಮಳೆಗಾಲದ ಕರೆಂಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಜೂನ್ ಬಂತೆಂದರೆ ಮರ ಬಿದ್ದು ಲೈನ್ ಹೋಗುವುದು ನಮ್ಮಲ್ಲಿ ಇದ್ದದ್ದೇ, ದಿನಗಟ್ಟಲೆ ಓಡುವ ಲೆಕ್ಕಕ್ಕೆ ಚೆಕ್‌ಪಾಯಿಂಟ್ (ಆಗಿರುವಷ್ಟನ್ನು ಡಿಸ್ಕಿಗೆ ಉಳಿಸಿಡುವುದು) ಬೇಕೇ ಬೇಕು. ಎಷ್ಟು ಹೊತ್ತಿಗೊಮ್ಮೆ ಅನ್ನುವುದಕ್ಕೆ ಯಂಗ್ ಸೂತ್ರ ಇದೆ: ಉಳಿಸಲು ಹಿಡಿಯುವ ಸಮಯ, ಎರಡು ಕಡಿತಗಳ ನಡುವಿನ ಸರಾಸರಿ ಸಮಯ, ಇವೆರಡರ ಗುಣಲಬ್ಧದ ಎರಡು ಪಟ್ಟಿನ ವರ್ಗಮೂಲ. ನನ್ನ ಜಾಲ 512 ಎಂಬಿ, ಹಾರ್ಡ್‌ಡಿಸ್ಕಿಗೆ ಬರೆಯಲು 5 ಸೆಕೆಂಡ್. ಆರು ಗಂಟೆಗೊಮ್ಮೆ ಕರೆಂಟ್ ಹೋದರೆ ಸುಮಾರು 465 ಸೆಕೆಂಡ್, ಎಂಟು ನಿಮಿಷಕ್ಕೊಮ್ಮೆ ಉಳಿಸಿ. ಹಳೆಯ ಫೈಲಿನ ಮೇಲೇ ಬರೆಯಬೇಡಿ, ಬರೆಯುವ ಮಧ್ಯದಲ್ಲೇ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಬೇರೆ ಹೆಸರಿಗೆ ಬರೆದು, ಎಫ್‌ಸಿಂಕ್ (ಡಿಸ್ಕಿಗೆ ನಿಜಕ್ಕೂ ಬರೆಸುವ ಕರೆ) ಕರೆದು, ಅದು ಮುಗಿದ ಮೇಲಷ್ಟೇ ಹೆಸರು ಬದಲಿಸಿ.