ಓದುಗರ ಪ್ರಶ್ನೆ: ಬಿಸಿಲಿನಿಂದ ಡೀಸೆಲ್ ಮಾಡುವುದು ನಿಜವೇ?

ಪ್ರಶ್ನೆ: ವಿದೇಶದಲ್ಲಿ ಬಿಸಿಲು, ನೀರು, ಗಾಳಿ ಇಷ್ಟರಿಂದಲೇ ವಿಮಾನದ ಇಂಧನ ತಯಾರಿಸುತ್ತಾರೆಂದು ಮಗ ಹೇಳಿದ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿಸಿ ದೋಣಿ ಇಳಿಸುವಾಗ ನಮ್ಮನ್ನು ಮೊದಲು ಕಾಡುವುದು ಡೀಸೆಲ್ ಖರ್ಚು. ಈ ಇಂಧನ ನಮ್ಮ ಇಂಜಿನ್‌ಗೆ ಆದೀತೇ?
– ದೋಣಿ ಮಾಲೀಕರೊಬ್ಬರು, ಬೈತಖೋಲ, ಕಾರವಾರ

ಉತ್ತರ: ತಮ್ಮ ಮಗ ಹೇಳಿದ್ದು ನಿಜ. ಹೀಗೆ ತಯಾರಾಗುವ ಡೀಸೆಲ್ ಗುಣದಲ್ಲಿ ಈಗಿನ ಡೀಸೆಲ್‌ನಂಥದ್ದೇ ಆಗಿರುವುದರಿಂದ ಇಂಜಿನ್ ಬದಲಿಸುವ ಪ್ರಮೇಯ ಬರುವುದಿಲ್ಲ; ಅದರಲ್ಲಿ ಗಂಧಕದ ಅಂಶವೂ ಇರುವುದಿಲ್ಲ. ಆದರೆ ಅದು ಬಂದರಿನ ಬಂಕಿಗೆ ಬರುವ ಕಾಲ ಇನ್ನೂ ದೂರವಿದೆ. ಏಕೆ ಎಂಬುದು ತಯಾರಿಕೆಯ ಕ್ರಮವನ್ನು ನೋಡಿದರೆ ತಿಳಿಯುತ್ತದೆ.

ಸ್ಪೇನ್ ದೇಶದ ಮ್ಯಾಡ್ರಿಡ್ ಸಮೀಪದ ಮೋಸ್ತೊಲೆಸ್‌ನಲ್ಲಿ 169 ಕನ್ನಡಿಗಳು ಸೂರ್ಯನ ಚಲನೆಗೆ ತಕ್ಕಂತೆ ತಿರುಗುತ್ತ, ತಮ್ಮ ಮೇಲೆ ಬಿದ್ದ ಬಿಸಿಲನ್ನೆಲ್ಲ ಗೋಪುರದ ಮೇಲಿನ ಸುಮಾರು ಗೇಣಗಲದ ಒಂದು ಕಿಂಡಿಗೆ ಕಳುಹಿಸುತ್ತವೆ. ಕಿಂಡಿಯ ಒಳಗಿನ ಕುಲುಮೆಯಲ್ಲಿ ಸೀರಿಯಂ ಎಂಬ ಲೋಹದ ಆಕ್ಸೈಡ್‌ನಿಂದ ಮಾಡಿದ, ಸ್ಪಂಜಿನಂತೆ ಮೈತುಂಬ ರಂಧ್ರಗಳಿರುವ ಸೆರಾಮಿಕ್ ಇಟ್ಟಿಗೆಗಳಿವೆ. ಸುಮಾರು 1500 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಈ ಇಟ್ಟಿಗೆಗಳು ತಮ್ಮೊಳಗಿನ ಆಮ್ಲಜನಕದ ಒಂದು ಪಾಲನ್ನು ಬಿಟ್ಟುಕೊಡುತ್ತವೆ. ಬಳಿಕ ಅವನ್ನು ತಣಿಸಿ ಹಬೆಯನ್ನೂ ಇಂಗಾಲದ ಡೈಆಕ್ಸೈಡನ್ನೂ ಹಾಯಿಸಿದಾಗ, ಇಟ್ಟಿಗೆಗಳು ತಾವು ಕಳೆದುಕೊಂಡ ಆಮ್ಲಜನಕವನ್ನು ಆ ಎರಡರಿಂದ ಕಿತ್ತುಕೊಳ್ಳುತ್ತವೆ. ಉಳಿಯುವುದು ಜಲಜನಕ ಮತ್ತು ಇಂಗಾಲದ ಮೊನಾಕ್ಸೈಡ್. ಈ ಎರಡು ಅನಿಲಗಳನ್ನು ದ್ರವ ಇಂಧನವಾಗಿಸುವ ವಿದ್ಯೆ ಹೊಸದಲ್ಲ, ಅದನ್ನು ಜರ್ಮನಿಯ ಫಿಶರ್ ಮತ್ತು ಟ್ರಾಪ್ಶ್ 1920ರ ದಶಕದಲ್ಲೇ ಕಂಡುಹಿಡಿದಿದ್ದರು. ಇಟ್ಟಿಗೆ ಮಾತ್ರ ಸವೆದುಹೋಗದೆ ಮತ್ತೆ ಮತ್ತೆ ಕಾದು ತಣಿಯುತ್ತಿರುತ್ತದೆ.

ತೊಡಕು ಇರುವುದು ಈ ಕಾಯಿಸಿ ತಣಿಸುವ ಹಂತದಲ್ಲಿಯೇ. ಪ್ರತಿ ಸುತ್ತಿನಲ್ಲಿಯೂ ಬಹಳಷ್ಟು ಶಾಖ ವ್ಯರ್ಥವಾಗುವುದರಿಂದ, ಮೋಸ್ತೊಲೆಸ್‌ನಲ್ಲಿ ಬಿಸಿಲಿನ ಶಕ್ತಿಯಲ್ಲಿ ಅನಿಲವಾಗಿ ದಕ್ಕಿದ್ದು ಶೇ. 4.1 ಮಾತ್ರ ಎಂದು 2022ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 2019ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇ.ಟಿ.ಎಚ್. ವಿಶ್ವವಿದ್ಯಾಲಯವು ತನ್ನ ಕಟ್ಟಡದ ಮಾಳಿಗೆಯ ಮೇಲೆ, ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಬರಿಯ ಗಾಳಿಯಿಂದಲೇ ಹೀರಿಕೊಂಡು ಇಂಧನ ಮಾಡಿ ತೋರಿಸಿತ್ತು. ದಿನಕ್ಕೆ ಸಿಕ್ಕಿದ್ದು ಸುಮಾರು 100 ಮಿಲಿಲೀಟರ್, ಅಂದರೆ ಒಂದು ಸಣ್ಣ ಚಹಾ ಲೋಟದಷ್ಟು. ದೋಣಿಯ ಟ್ಯಾಂಕ್ ತುಂಬಿಸಿ ಬಲ್ಲ ತಮಗೆ ಇದು ಅತ್ಯಲ್ಪವೆನಿಸುವುದು ಸಹಜ. ನನಗಾದರೋ ಇದು ದೊಡ್ಡ ಸಂಗತಿ, ಏಕೆಂದರೆ ಗಾಳಿಯಿಂದಲೇ ತೆಗೆದ ಇಂಗಾಲವು ಉರಿದ ಮೇಲೆ ಗಾಳಿಗೇ ಮರಳುವುದರಿಂದ ವಾತಾವರಣಕ್ಕೆ ಅದರಿಂದ ಹೊಸ ಹೊರೆ ಬೀಳುವುದಿಲ್ಲ. ಕಾರ್ಖಾನೆಯ ಚಿಮಣಿಯಲ್ಲಿ ಕಲ್ಲಿದ್ದಲಿನ ಹೊಗೆ ಹಿಡಿದು ಮಾಡಿದರೆ ಆ ಮಾತನ್ನು ಹೇಳಲಾಗದು.

ಪ್ರಶ್ನೆ: ಇಂಥ ಸಂಶೋಧನೆಯ ವರದಿಗಳಲ್ಲಿ ಯಾವಾಗಲೂ ನಾಲ್ಕಾರು ದೇಶಗಳ ಹೆಸರಿರುತ್ತದೆ. ಒಂದೇ ದೇಶ ಏಕೆ ಮಾಡಬಾರದು?
– ಪದವಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಮೇಲೆ ಹೇಳಿದ ಸ್ಪೇನಿನ ಕೆಲಸವನ್ನೇ ನೋಡು. ಕುಲುಮೆಯನ್ನು ರೂಪಿಸಿದವರು ಸ್ವಿಟ್ಜರ್ಲೆಂಡಿನವರು, ಕನ್ನಡಿಯ ಬಯಲು ಸ್ಪೇನಿನ ಸಂಸ್ಥೆಯದು, ಕಿಂಡಿಗೆ ಬಿದ್ದ ಬಿಸಿಲನ್ನು ಅಳೆದದ್ದು ಜರ್ಮನಿಯ ಅಂತರಿಕ್ಷ ಕೇಂದ್ರ, ಅನಿಲವನ್ನು ದ್ರವವಾಗಿಸಿದ್ದು ನೆದರ್ಲೆಂಡ್ಸಿನ ಕಂಪನಿ. ಸೆರಾಮಿಕ್ ಬಲ್ಲವರ ಊರಿನಲ್ಲಿ ಬಿಸಿಲು ಸಾಲದು, ಬಿಸಿಲಿರುವ ಊರಿನಲ್ಲಿ ಕುಲುಮೆ ಕಟ್ಟಿದ ಅನುಭವವಿಲ್ಲ. ಹೀಗಾಗಿ 1977ರಿಂದಲೂ ‘ಸೋಲಾರ್‌ಪೇಸಸ್’ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಈ ಕ್ಷೇತ್ರದವರನ್ನು ಒಂದೆಡೆ ಕೂಡಿಸುತ್ತ ಬಂದಿದೆ. ಪರಸ್ಪರರ ಅಳತೆಗಳನ್ನು ಪರೀಕ್ಷಿಸುವ ಅವಕಾಶವೂ ಇದರಲ್ಲಿದೆ, ಶೇ. 4.1ರಂಥ ಸಣ್ಣ ಅಂಕಿಯನ್ನು ಅಡಗಿಸದೆ ಪ್ರಕಟಿಸಿದ್ದನ್ನು ನಾನು ಆ ತಂಡದ ಹಿರಿಮೆ ಎಂದೇ ಭಾವಿಸುತ್ತೇನೆ.

2024ರ ಜೂನ್‌ನಲ್ಲಿ ಜರ್ಮನಿಯ ಯೂಲಿಷ್‌ನಲ್ಲಿ, ಇ.ಟಿ.ಎಚ್.ನಿಂದಲೇ ಹುಟ್ಟಿದ ಸಿನ್‌ಹೆಲಿಯನ್ ಕಂಪನಿಯು ವರ್ಷಕ್ಕೆ ಕೆಲವು ಸಾವಿರ ಲೀಟರ್ ಇಂಧನದ ಗುರಿಯಿರುವ ಘಟಕವನ್ನು ಆರಂಭಿಸಿತು. ಅಲ್ಲಿ ಬಳಸುವುದು ಸೀರಿಯಂ ಇಟ್ಟಿಗೆಯನ್ನಲ್ಲ, ಜೈವಿಕ ಮೀಥೇನನ್ನು ಬಿಸಿಲಿನ ಕಾವಿನಲ್ಲಿ ಒಡೆಯುವ ಸುಲಭದ ದಾರಿಯನ್ನು ಎಂಬುದನ್ನು ಗಮನಿಸಬೇಕು.

ನಮ್ಮಲ್ಲಿಯೂ 2012ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅಮೆರಿಕದ ರಾಷ್ಟ್ರೀಯ ನವೀಕರಣೀಯ ಇಂಧನ ಪ್ರಯೋಗಾಲಯದೊಡನೆ ಸೌರಶಕ್ತಿಯ ಜಂಟಿ ಸಂಶೋಧನೆ ಆರಂಭಿಸಿತ್ತು. ಸೀರಿಯಂ ಕೂಡ ನಮಗೆ ಪರಕೀಯವಲ್ಲ. ಕೇರಳ, ತಮಿಳುನಾಡು, ಒಡಿಶಾ ಕರಾವಳಿಯ ಮೊನಜೈಟ್ ಮರಳಿನಲ್ಲಿ ಅದಿದೆ. ರಸಾಯನಶಾಸ್ತ್ರ ಓದುತ್ತಿದ್ದರೆ, ಅಧಿಕ ಶಾಖದಲ್ಲಿ ವಸ್ತುಗಳು ಹೇಗೆ ವರ್ತಿಸುತ್ತವೆ ಎಂಬ ವಿಷಯವನ್ನು ಗಟ್ಟಿಯಾಗಿ ಹಿಡಿದುಕೋ ಎಂದು ಮನಸಾರೆ ಹೇಳುತ್ತೇನೆ.

ಪ್ರಶ್ನೆ: ಸಾಣಿಕಟ್ಟಾದಲ್ಲಿ ಬಿಸಿಲಿನಿಂದಲೇ ಉಪ್ಪು ಬೆಳೆಯುತ್ತೇವೆ. ಹಾಗಾದರೆ ಇಂಧನದ ಕನ್ನಡಿಗಳನ್ನೂ ನಮ್ಮ ಕರಾವಳಿಯಲ್ಲಿ ಹಾಕಬಹುದಲ್ಲವೇ?
– ಓದುಗರೊಬ್ಬರು, ಕುಮಟಾ

ಉತ್ತರ: ಹಾಕಬಾರದೆಂಬುದೇ ನನ್ನ ಅಭಿಪ್ರಾಯ. ಉಪ್ಪಿನ ಆಗರದ ನೀರು ಆರಲು ತೆಳುಮೋಡದ ಬಿಸಿಲೂ ಗಾಳಿಯೂ ನೆರವಾಗುತ್ತವೆ; ಅಂಗಳದ ಅಡಿಕೆಗೂ ಅಷ್ಟು ಸಾಕು. ಕನ್ನಡಿಗೆ ಬೇಕಾದದ್ದು ಸೂರ್ಯನಿಂದ ನೇರವಾಗಿ ಬರುವ ಕಿರಣ ಮಾತ್ರ, ಏಕೆಂದರೆ ಮೋಡದಲ್ಲಿಯೋ ತೇವದ ಮಂಜಿನಲ್ಲಿಯೋ ಚದುರಿದ ಬೆಳಕನ್ನು ಯಾವ ಕನ್ನಡಿಯೂ ಒಂದೇ ಕಿಂಡಿಗೆ ಕೂಡಿಸಲಾರದು. ಅಂಗಳದಲ್ಲಿ ನಿಂತು ತಮ್ಮ ನೆರಳನ್ನು ನೋಡಿ: ಅದರ ಅಂಚು ಮಸುಕಾಗಿರುವ ದಿನ ಕುಲುಮೆ ಕಾಯುವುದಿಲ್ಲ. ನಾಲ್ಕು ತಿಂಗಳ ಮಳೆಗಾಲದ ಜೊತೆಗೆ ಉಪ್ಪುಗಾಳಿಯೂ ಕನ್ನಡಿಯ ಮೇಲೆ ಪದರ ಕಟ್ಟುತ್ತದೆ. ಇಂಥ ಬಯಲಿಗೆ ರಾಜಸ್ಥಾನದಂಥ ಒಣ ನೆಲವೇ ತಕ್ಕದ್ದು; ಅಬು ರೋಡ್‌ನಲ್ಲಿ ತಲಾ 60 ಚದರ ಮೀಟರಿನ 770 ಕನ್ನಡಿ ಬಟ್ಟಲುಗಳಿಂದ ವಿದ್ಯುತ್ ತಯಾರಿಸುವ ಸ್ಥಾವರ ಈಗಾಗಲೇ ಇದೆ. ದ್ರವ ಇಂಧನವನ್ನು ಅಲ್ಲಿ ಮಾಡಿ ಟ್ಯಾಂಕರಿನಲ್ಲಿ ಇಲ್ಲಿಗೆ ತರಬಹುದಾದ್ದರಿಂದ, ಆಗರದ ಗದ್ದೆಗಳನ್ನು ಉಪ್ಪಿಗೇ ಬಿಡೋಣ.