ಅಜ್ಜನ ಫೋಟೋವನ್ನು ಕ್ರಾಸ್ ಸ್ಟಿಚ್ ಚಾರ್ಟ್ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಅಜ್ಜನ ಫೋಟೋ, 90 ಬಣ್ಣ, "ಥೇಟ್ ಫೋಟೋ ತರಾನೇ ಬರಬೇಕು" ಅಂತ ಬರೆದಿದ್ದೀರಿ. ದುಡ್ಡು ಕೊಟ್ಟು ತಗೊಳ್ಳಬೇಕಾ, ಉಚಿತದ್ದು ಸಾಕಾ ಅಂತಲೂ ಕೇಳಿದ್ದೀರಿ. ನನ್ನದು ಅಪ್ಪನ ಫೋಟೋ, 84 ಬಣ್ಣ. ಉಳಿದದ್ದೆಲ್ಲ ನಿಮ್ಮದೇ.

ಅಪ್ಪ ಹೋಗಿ ಒಂದು ವರ್ಷವಾಗಿತ್ತು. ಅಮ್ಮನಿಗೆ ಕೊಡೋಣ ಅಂತ ಒಂದು ಫೋಟೋ ಆರಿಸಿದೆ. ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಯಾರನ್ನೋ ನೋಡಿ ನಗುತ್ತಿದ್ದಾರೆ. ಹಿಂದೆ ಗಿಡ, ಗೋಡೆ, ಕಿಟಕಿ. ಎಲ್ಲವನ್ನೂ ಹಾಗೇ ಸಾಫ್ಟ್‌ವೇರ್‌ಗೆ ಕೊಟ್ಟೆ. ಅದು ಚಾರ್ಟ್ ಮಾಡಿಕೊಟ್ಟಿತು, ಅಂದರೆ ಯಾವ ಹೊಲಿಗೆಗೆ ಯಾವ ಬಣ್ಣದ ದಾರ ಅಂತ ತೋರಿಸುವ ಚೌಕಳಿ ನಕ್ಷೆ. 14 ಕೌಂಟ್ ಬಟ್ಟೆ, ಅಂದರೆ ಇಂಚಿಗೆ 14 ಹೊಲಿಗೆ, ಒಂದೊಂದೂ X ಆಕಾರದ್ದು. 15 ಇಂಚು ಅಗಲ, 19 ಇಂಚು ಎತ್ತರ. ಒಂದು ಹೊಲಿಗೆ ಕೂರುವ ಸಣ್ಣ ಚೌಕಕ್ಕೆ ಮನೆ ಅನ್ನುತ್ತೇನೆ. ಅಡ್ಡಕ್ಕೆ 210 ಮನೆ, ಉದ್ದಕ್ಕೆ 266 ಮನೆ. ಒಟ್ಟು 55,860 ಹೊಲಿಗೆ. ಆ ಸಂಖ್ಯೆ ಪರದೆಯ ಮೇಲೇ ಇತ್ತು. ದಿನಾ ಸ್ವಲ್ಪ ಸ್ವಲ್ಪ ಹಾಕಿದರೆ ಮುಗಿಯುತ್ತದೆ ಅಂದುಕೊಂಡೆ.

ಪಕ್ಕದಲ್ಲೇ ಒಂದು ಸಣ್ಣ ಟಿಕ್ ಇತ್ತು. ಡಿದರಿಂಗ್. ಅದು ಮೊದಲೇ ಆನ್ ಆಗಿತ್ತು. ತೆಗೆದು ನೋಡಿದೆ, ಕೆನ್ನೆಯ ಮೇಲೆ ಬಣ್ಣ ಪಟ್ಟೆಪಟ್ಟೆಯಾಗಿ ಕಂಡಿತು. ಮತ್ತೆ ಹಾಕಿದೆ, ಮುಖ ನುಣ್ಣಗಾಯಿತು. ಥೇಟ್ ಫೋಟೋ. ಹಾಗೇ ಬಿಟ್ಟೆ. ನನ್ನ ಒಂಬತ್ತು ತಿಂಗಳು ಹೋಗಿದ್ದು ಆ ಒಂದು ಟಿಕ್‌ನಿಂದ.

ಅದು ಏನು ಮಾಡುತ್ತದೆ ಅಂತ ಬಿಡಿಸಿ ಹೇಳುತ್ತೇನೆ, ನನಗೆ ಯಾರೂ ಹೇಳಿರಲಿಲ್ಲ. ಸಾಫ್ಟ್‌ವೇರ್ ಮೊದಲು ಫೋಟೋವನ್ನು ಮನೆಗಳಾಗಿ ಒಡೆಯುತ್ತದೆ. ಒಂದು ಮನೆಗೆ ಒಂದೇ ಬಣ್ಣ. ಆಮೇಲೆ ಆ ಬಣ್ಣಕ್ಕೆ ಹತ್ತಿರದ ದಾರ ಯಾವುದು ಅಂತ ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಡಿಎಂಸಿ ಅನ್ನುವ ಕಂಪನಿಯ ಕಸೂತಿ ದಾರದಲ್ಲಿ ಸುಮಾರು 500 ಬಣ್ಣಗಳಿವೆ. ಫೋಟೋದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಹೆಚ್ಚುಕಮ್ಮಿ ಪ್ರತಿ ಮನೆಯಲ್ಲೂ ಒಂದಿಷ್ಟು ವ್ಯತ್ಯಾಸ ಉಳಿಯುತ್ತದೆ. ದಾರ ಬೇಕಾದ್ದಕ್ಕಿಂತ ತುಸು ಕೆಂಪು, ಇಲ್ಲವೇ ತುಸು ಕಪ್ಪು. ಡಿದರಿಂಗ್ ಇಲ್ಲದಿದ್ದರೆ ಆ ವ್ಯತ್ಯಾಸ ಅಲ್ಲಿಗೇ ಮುಗಿಯಿತು. ಇದ್ದರೆ ಅದನ್ನು ಅಕ್ಕಪಕ್ಕದ ಮನೆಗಳ ಮೇಲೆ ಹೊರಿಸುತ್ತದೆ. ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ ಅನ್ನುವ ಇಬ್ಬರು 1976ರಲ್ಲಿ ಪ್ರಕಟಿಸಿದ ಲೆಕ್ಕ ಈಗಲೂ ಬಳಕೆಯಲ್ಲಿದೆ. ಅದರಲ್ಲಿ ವ್ಯತ್ಯಾಸವನ್ನು 16 ಪಾಲು ಮಾಡುತ್ತಾರೆ. 7 ಪಾಲು ಬಲಗಡೆಯ ಮನೆಗೆ, 5 ಪಾಲು ನೇರ ಕೆಳಗಿನದಕ್ಕೆ, 3 ಪಾಲು ಕೆಳಗೆ ಎಡಕ್ಕೆ, ಉಳಿದ 1 ಪಾಲು ಕೆಳಗೆ ಬಲಕ್ಕೆ. ಒಂದು ಮನೆಯಲ್ಲಿ ಕೆಂಪು ಜಾಸ್ತಿಯಾದರೆ ಅದನ್ನು ಸರಿದೂಗಿಸಲು ಪಕ್ಕದ ಮನೆ ಹಸಿರಿನ ಕಡೆಗೆ ವಾಲುತ್ತದೆ. ಅಪ್ಪನ ಹಣೆ, ಕೆನ್ನೆಯಲ್ಲೆಲ್ಲ ಹಸಿರು ಬಂದಿದ್ದು ಹೀಗೆ. ಅಲ್ಲಲ್ಲಿ ನೇರಳೆಯೂ ಇತ್ತು.

ಕಡಿಮೆ ಬಣ್ಣದಲ್ಲಿ ಕೆಲಸ ಮಾಡುವ ಪರದೆಗೆ, ಪ್ರಿಂಟರ್‌ಗೆ ಇದು ಬಹಳ ಒಳ್ಳೆಯ ಉಪಾಯ. ಪ್ರಿಂಟರ್‌ಗೆ ಚುಕ್ಕೆ ಎಲ್ಲಿ ಬಿದ್ದರೂ ಒಂದೇ. ಸೂಜಿಗೆ ಹಾಗಲ್ಲ. ಸಾಲಾಗಿ ಇಪ್ಪತ್ತು ಮನೆ ಒಂದೇ ಬಣ್ಣ ಇದ್ದರೆ ಕೈ ತಾನಾಗಿ ಓಡುತ್ತದೆ. ಒಂಟಿ ಹೊಲಿಗೆಗೆ ದಾರ ಹುಡುಕಬೇಕು, ಎರಡು ಎಳೆ ಬಿಡಿಸಬೇಕು, ಸೂಜಿಗೆ ಪೋಣಿಸಬೇಕು, ಹಿಂದೆ ಭದ್ರ ಮಾಡಬೇಕು, ಒಂದು ಕ್ರಾಸ್ ಹಾಕಬೇಕು, ಮತ್ತೆ ಭದ್ರ ಮಾಡಿ ಕತ್ತರಿಸಬೇಕು. ಇಷ್ಟೆಲ್ಲ ಒಂದು ಮನೆಗೆ. ಇಂಥ ಚೆಲ್ಲಾಪಿಲ್ಲಿ ಹೊಲಿಗೆಗಳಿಗೆ ಕ್ರಾಸ್ ಸ್ಟಿಚ್ ಮಾಡುವವರು ಕಾನ್ಫೆಟಿ ಅನ್ನುತ್ತಾರೆ. ನಾನು ಒಮ್ಮೆ ಹಣೆಯ ಜಾಗದಲ್ಲಿ ಹತ್ತು ಮನೆ ಅಗಲ, ಹತ್ತು ಮನೆ ಉದ್ದದ ಚೌಕ ತೆಗೆದುಕೊಂಡು ಎಣಿಸಿದೆ. 100 ಹೊಲಿಗೆಯಲ್ಲಿ 31 ಬಣ್ಣ. ಅಕ್ಕಪಕ್ಕ ತನ್ನ ಬಣ್ಣದ್ದು ಇನ್ನೊಂದು ಇಲ್ಲದೆ ಒಂಟಿಯಾಗಿದ್ದವು 58. ಇದನ್ನು ಶುರು ಮಾಡುವ ಮೊದಲೇ ಎಣಿಸಬೇಕಿತ್ತು. ಪರದೆಯಲ್ಲಿ ಇಡೀ ಮುಖ ನೋಡುತ್ತಾ ಕೂತಿದ್ದೆ. ಒಂದು ಚೌಕ ದೊಡ್ಡದು ಮಾಡಿ ನೋಡಲೇ ಇಲ್ಲ.

ಗಂಟೆಗೆ 50 ಹೊಲಿಗೆ ದಾಟುತ್ತಿರಲಿಲ್ಲ. 84 ಬಣ್ಣಕ್ಕೆ 84 ಗುರುತು, ಅದರಲ್ಲಿ ತುಂಬಿದ ತ್ರಿಕೋನ ಯಾವುದು, ಖಾಲಿ ತ್ರಿಕೋನ ಯಾವುದು ಅಂತ ರಾತ್ರಿ ಬೆಳಕಿನಲ್ಲಿ ಗೊತ್ತಾಗುತ್ತಿರಲಿಲ್ಲ. ಬಟ್ಟೆಯ ಹಿಂಬದಿಯಲ್ಲಿ ದಾರದ ಮೇಲೆ ದಾರ ಕೂತು ಸೂಜಿ ತೂರುವುದೇ ಕಷ್ಟವಾಯಿತು. ಮುಂದೆ ಬಟ್ಟೆ ಸುಕ್ಕುಗಟ್ಟಿತು. ಒಂಬತ್ತು ತಿಂಗಳಿಗೆ ಹಣೆ, ಒಂದು ಕಣ್ಣು, ಅರ್ಧ ಕೆನ್ನೆ. ಸುಮಾರು 9,000 ಹೊಲಿಗೆ.

ಮುಗಿಯುವವರೆಗೆ ಅಮ್ಮನಿಗೆ ತೋರಿಸಬಾರದು ಅಂತಿದ್ದೆ. ಒಂದು ದಿನ ಅವರೇ ನೋಡಿದರು. ಹತ್ತಿರ ಬಂದು, ಬೆರಳಿಟ್ಟು, "ಇದೇನೇ ಚುಕ್ಕೆ ಚುಕ್ಕೆ? ಅಪ್ಪನ ಮುಖದಲ್ಲಿ ಕಲೆ ಎಲ್ಲಿತ್ತು?" ಅಂದರು. ಹತ್ತು ಅಡಿ ದೂರ ನಿಂತರೆ ಆ ಚುಕ್ಕೆಗಳೆಲ್ಲ ಬೆರೆತು ಚರ್ಮದ ಬಣ್ಣವೇ ಕಾಣುತ್ತಿತ್ತು, ನಿಜ. ಆದರೆ ಅಪ್ಪನ ಮುಖವನ್ನು ಅಮ್ಮ ಹತ್ತು ಅಡಿ ದೂರದಿಂದ ಯಾಕೆ ನೋಡುತ್ತಾರೆ? ಅವತ್ತೇ ಅದನ್ನು ಫ್ರೇಮಿನಿಂದ ಬಿಚ್ಚಿದೆ.

ಎರಡನೇ ಸಲ ಫೋಟೋದಲ್ಲಿ ಮುಖ ಮತ್ತು ಹೆಗಲು ಮಾತ್ರ ಇಟ್ಟುಕೊಂಡೆ. ಗಿಡ, ಗೋಡೆ, ಕಿಟಕಿ ಎಲ್ಲ ತೆಗೆದೆ. ಹಿನ್ನೆಲೆ ಖಾಲಿ ಬಟ್ಟೆ. 112 ಮನೆ ಅಗಲ, 140 ಮನೆ ಎತ್ತರ, ಅಂದರೆ 8 ಇಂಚು, 10 ಇಂಚು. ಸುತ್ತ ಮೂರು ಮೂರು ಇಂಚು ಬಿಟ್ಟು 14ಕ್ಕೆ 16 ಇಂಚಿನ ಬಟ್ಟೆ. ಡಿದರಿಂಗ್ ಆಫ್. ಬಣ್ಣ 22. ಕೆನ್ನೆಯ ಮೇಲೆ ಪಟ್ಟೆ ಬಂತು, ಮೊದಲ ಸಲ ಹೆದರಿಸಿದ ಅದೇ ಪಟ್ಟೆ. ಈ ಸಲ ಅದನ್ನು ಕೈಯಿಂದ ತಿದ್ದಿದೆ. ಪಟ್ಟೆಯ ಅಂಚು ಕೆನ್ನೆಯ ಉಬ್ಬಿನ ಜೊತೆ ತಿರುಗುವ ಹಾಗೆ ಒಂದೊಂದೇ ಮನೆ ಬದಲಾಯಿಸಿದೆ. ಮೂರು ವಾರ ಸೂಜಿಯನ್ನೇ ಮುಟ್ಟಲಿಲ್ಲ, ಮೌಸ್ ಹಿಡಿದೇ ಕೂತಿದ್ದೆ. ಚಾರ್ಟ್ ಮಾಡುವುದು ಅಂದರೆ ನನ್ನ ಪ್ರಕಾರ ಈ ಮೂರು ವಾರ. ಅದಕ್ಕೆ ಮುಂಚೆ ಸಾಫ್ಟ್‌ವೇರ್ ಮಾಡಿಕೊಟ್ಟದ್ದು ಬರೀ ಕಚ್ಚಾ ಸಾಮಾನು.

ಕನ್ನಡಕವೂ ಹಾಗೇ. ಅದರ ತಂತಿ ಒಂದು ಮನೆಗಿಂತ ಸಣ್ಣ. ಸಾಫ್ಟ್‌ವೇರ್ ಅದನ್ನು ಬೂದು ಬಣ್ಣದ ಮೆಟ್ಟಿಲು ಮಾಡಿತ್ತು. ಎಲ್ಲ ಅಳಿಸಿ ಅಲ್ಲಿ ಚರ್ಮದ ಬಣ್ಣ ತುಂಬಿದೆ. ಮೇಲೆ ಬ್ಯಾಕ್ ಸ್ಟಿಚ್‌ನಲ್ಲಿ, ಅಂದರೆ ಗೆರೆ ಎಳೆದಂತೆ ಕಾಣುವ ಹೊಲಿಗೆಯಲ್ಲಿ, ಕನ್ನಡಕ ಬರೆದೆ, ಒಂದೇ ಎಳೆ, ಡಿಎಂಸಿಯ 3371 ನಂಬರಿನ ದಾರ. ಅದು ಕಪ್ಪಿಗೆ ತೀರ ಹತ್ತಿರದ ಕಂದು. 310ರ ಅಚ್ಚ ಕಪ್ಪು ಮುಖದ ಮೇಲೆ ಒರಟಾಗಿ ಕಾಣುತ್ತದೆ. ಕಣ್ಣಿನ ಹೊಳಪಿಗೆ ಒಂದೊಂದು ಬಿಳಿ ಹೊಲಿಗೆ. ಆ ಒಂಟಿ ಹೊಲಿಗೆ ಮಾತ್ರ ಬೇಕೇ ಬೇಕು. ಅದಿಲ್ಲದೆ ಅಪ್ಪ ನಗುತ್ತಿರಲಿಲ್ಲ.

ಪರದೆಯ ಬಣ್ಣ ನಂಬಬೇಡಿ. ಸಾಫ್ಟ್‌ವೇರ್ ಒಳಗಿರುವುದು ದಾರದ ಬಣ್ಣದ ಅಂದಾಜು ಅಷ್ಟೆ, ಅದರ ಮೇಲೆ ನಿಮ್ಮ ಪರದೆಯ ಗುಣ ಬೇರೆ. ದಾರಗಳನ್ನು ಹಗಲು ಬೆಳಕಿನಲ್ಲಿ ಸಾಲಾಗಿ ಇಟ್ಟು, ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದು ನೋಡಿ. ತಿಳಿಯಿಂದ ಗಾಢಕ್ಕೆ ಮೆಟ್ಟಿಲು ಇಳಿದ ಹಾಗೆ ಕಾಣಬೇಕು. ನನ್ನ ಸಾಲಿನಲ್ಲಿ ಎರಡು ದಾರ ಅದಲುಬದಲಾಗಿದ್ದವು. ಹಾಗೇ ಹೊಲಿದಿದ್ದರೆ ಮೂಗಿನ ನೆರಳು ಉಬ್ಬಿದಂತೆ ಕಾಣುತ್ತಿತ್ತು. ಡಿಎಂಸಿ ಬದಲು ಆಂಕರ್ ಅನ್ನುವ ಬೇರೆ ಬ್ರಾಂಡಿನ ದಾರ ಹಾಕುವುದಾದರೆ ಕಪ್ಪಿಗೆ ತೊಂದರೆಯಿಲ್ಲ, 310ರ ಜಾಗಕ್ಕೆ 403 ಹಾಕಬಹುದು. ಚರ್ಮದ ಬಣ್ಣಗಳಿಗೆ ಮಾತ್ರ ಪಟ್ಟಿ ನೋಡಿ ಬದಲಾಯಿಸಬೇಡಿ, ದಾರ ಕಣ್ಣಾರೆ ನೋಡಿ ಆರಿಸಿ.

ಇನ್ನು ಸಾಫ್ಟ್‌ವೇರ್. ಪಿಸಿಸ್ಟಿಚ್, ವಿನ್‌ಸ್ಟಿಚ್, ಕೆಜಿ-ಚಾರ್ಟ್, ಬ್ರೌಸರ್‌ನಲ್ಲೇ ತೆರೆಯುವ ಸ್ಟಿಚ್ ಫಿಡಲ್, ಇವುಗಳಲ್ಲಿ ಯಾವುದು ದೊಡ್ಡದು ಅಂತ ಹೋಲಿಸುತ್ತಾ ಕೂರಬೇಡಿ. ಡಿದರಿಂಗ್ ಆಫ್ ಮಾಡಲು ಬರಬೇಕು. ಮನೆ ಮನೆ ತಿದ್ದಲು, ಬ್ಯಾಕ್ ಸ್ಟಿಚ್ ಗೆರೆ ಎಳೆಯಲು ಬರಬೇಕು. ಯಾವ ಬಣ್ಣದಲ್ಲಿ ಎಷ್ಟು ಹೊಲಿಗೆ ಇದೆ ಅಂತ ಲೆಕ್ಕ ಕೊಡಬೇಕು, ಯಾಕೆಂದರೆ ಹತ್ತೇ ಹೊಲಿಗೆ ಇರುವ ಬಣ್ಣವನ್ನು ತೆಗೆದು ಪಕ್ಕದ ಬಣ್ಣಕ್ಕೆ ಸೇರಿಸಬೇಕಾಗುತ್ತದೆ. ಇಷ್ಟಿದ್ದರೆ ಉಚಿತದ್ದೂ ಸಾಕು. ಫೋಟೋ ಕೊಟ್ಟ ತಕ್ಷಣ ಪಿಡಿಎಫ್ ಕೊಟ್ಟು, ತಿದ್ದಲು ಬಿಡದ ವೆಬ್‌ಸೈಟ್‌ಗಳ ಹತ್ತಿರ ಹೋಗಬೇಡಿ.

"ಥೇಟ್ ಫೋಟೋ" ಅನ್ನುವುದನ್ನೂ ಬಿಟ್ಟುಬಿಡಿ ಅಂತ ಕೇಳಿಕೊಳ್ಳುತ್ತೇನೆ. ಫೋಟೋ ನಿಮ್ಮ ಹತ್ತಿರ ಇದ್ದೇ ಇದೆ, ಅಲ್ವಾ? ಅಜ್ಜನ ಮುಖದಲ್ಲಿ ನಿಮಗೆ ಮೊದಲು ನೆನಪಾಗುವುದು ಏನು, ಹುಬ್ಬೋ, ಬಾಯಿಯ ಓರೆಯೋ, ಅದಕ್ಕೆ ಬಣ್ಣ ಖರ್ಚು ಮಾಡಿ. ಅಂಗಿಗೆ ಮೂರು ಬಣ್ಣ ಸಾಕು. ಮುಖಕ್ಕೆ ಒಂದು ಪಕ್ಕದಿಂದ ಬೆಳಕು ಬಿದ್ದಿರುವ ಫೋಟೋ ಹುಡುಕಿ. ಎದುರಿನಿಂದ ಫ್ಲ್ಯಾಶ್ ಹೊಡೆದದ್ದರಲ್ಲಿ ಮೂಗು, ಕೆನ್ನೆ ಎಲ್ಲ ಒಂದೇ ಆಗಿರುತ್ತದೆ, ತಿದ್ದಲು ಏನೂ ಸಿಗುವುದಿಲ್ಲ.

ಮತ್ತೆ, ಇಡೀ ಚಾರ್ಟ್‌ಗೆ ದಾರ ಈಗಲೇ ತರಬೇಡಿ. ಕೆನ್ನೆಯಲ್ಲಿ ಹತ್ತು ಮನೆ ಅಗಲ, ಹತ್ತು ಮನೆ ಉದ್ದದ ಒಂದು ಚೌಕ ಆರಿಸಿ, ಅದಕ್ಕೆ ಬೇಕಾದ ದಾರ ಮಾತ್ರ ತಂದು ಬೇರೆ ತುಂಡು ಬಟ್ಟೆಯ ಮೇಲೆ ಹೊಲಿಯಿರಿ. ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ಆಮೇಲೆ ಬಟ್ಟೆ ತಿರುಗಿಸಿ ಹಿಂಬದಿಯ ಫೋಟೋ ಇಲ್ಲಿ ಹಾಕಿ. ಮುಂದುವರಿಸಬಹುದಾ ಅಂತ ನೋಡಿ ಹೇಳುತ್ತೇನೆ.